ಬೀರುವಿನ ಮೇಲಿನ ರೌಟರ್ ಬಾಯಿಬಿಟ್ಟಾಗ

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಆಫೀಸಿನಲ್ಲಿ ಹದಿನೈದು ಜನ, ಮೂಲೆಯ ಕಂಪ್ಯೂಟರಿನಲ್ಲಿ ಟ್ಯಾಲಿ ಲೆಕ್ಕ, ಹುಬ್ಬಳ್ಳಿಯಲ್ಲೊಂದು ಶಾಖೆ, ಮನೆಯಿಂದಲೇ ಜಿಎಸ್‌ಟಿ ನೋಡಿಕೊಳ್ಳುವ ಒಬ್ಬ ಅಕೌಂಟೆಂಟ್. ಮೂರೂ ಕಡೆಯವರ ಮಾತುಕತೆ ಸಾಗುವುದು ಎಲ್ಲರೂ ಓಡಾಡುವ ಇಂಟರ್ನೆಟ್ಟಿನಲ್ಲೇ. ಆ ಮಾತುಕತೆಯನ್ನು ಹೊರಗಿನವರಿಗೆ ಓದಲು ಬಾರದಂತೆ ಗೂಢಲಿಪಿಯಲ್ಲಿ ಸುತ್ತಿ, ಮೂರನ್ನೂ ಒಂದೇ ಆಫೀಸು ಮಾಡುವ ಡಬ್ಬಿಗೆ ವಿಪಿಎನ್ ರೌಟರ್ ಎನ್ನುತ್ತಾರೆ. ಅದು ಬೀರುವಿನ ಮೇಲೆ, ಹಳೆಯ ವೋಚರ್ ಫೈಲುಗಳ ಪಕ್ಕ ಕೂತಿದೆ. ಹಣೆಗೆ ಕಳೆದ ಆಯುಧಪೂಜೆಯ ಕುಂಕುಮ, ಗಾಳಿಕಿಂಡಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು. ವರ್ಷಕ್ಕೊಮ್ಮೆ ತಪ್ಪದೆ ಪೂಜೆ ಸಂದಿದೆ. ಫರ್ಮ್‌ವೇರ್ ಅಪ್‌ಡೇಟ್ ಒಮ್ಮೆಯೂ ಆಗಿಲ್ಲ. ಈಗ ಅದನ್ನು ಬದಲಿಸುವ ಮಾತು ಎದ್ದು, ಎಸ್‌.ಪಿ. ರಸ್ತೆಯಿಂದ ಮೂರು ಕೊಟೇಶನ್ ಬಂದಿವೆ. ಹೊಸಬರನ್ನು ಆರಿಸುವ ಮುಂಚೆ ಹಳಬರನ್ನೊಮ್ಮೆ ಕೇಳುವ ಪದ್ಧತಿ ನಮ್ಮ ಆಫೀಸುಗಳಲ್ಲಿ ಇಲ್ಲ. ಇರಬೇಕಿತ್ತು ಎಂಬುದು ಈ ಲೇಖಕನ ಅಭಿಪ್ರಾಯ. ತನ್ನ ಕಂಪನಿಯ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ರೌಟರ್ ಮಾತಿಗೆ ಒಪ್ಪಿತು.

ಮೂರು ಕೊಟೇಶನ್‌ಗಳನ್ನೂ ನೋಡಿದ್ದೀರಿ. ಮೊದಲನೆಯದರಲ್ಲಿ ಆರು ಆಂಟೆನಾ ಇದೆಯಂತೆ, ಯಜಮಾನರಿಗೆ ಅದರ ಮೇಲೆ ಮನಸ್ಸು. ನಿಮ್ಮ ಆಯ್ಕೆ?

ಆಂಟೆನಾ ಇರುವುದು ವೈಫೈಗೆ ಸ್ವಾಮಿ. ಹುಬ್ಬಳ್ಳಿಗೆ ಅದು ತಲುಪುವುದಿಲ್ಲ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಗಿಗಾಬಿಟ್ ಎಂದು ಬರೆದಿರುತ್ತದಲ್ಲ, ಅದು ನಮ್ಮ ಬೆನ್ನ ಹಿಂದಿನ ಪೋರ್ಟುಗಳ ವೇಗ. ಒಂದೊಂದು ಪ್ಯಾಕೆಟ್ಟನ್ನೂ ಗೂಢಲಿಪಿಗೆ ತಿರುಗಿಸುವುದು ಒಳಗಿರುವ ಪುಟ್ಟ ಪ್ರೊಸೆಸರು. ಅದರ ವೇಗ ಎಷ್ಟೋ ಪಾಲು ಕಮ್ಮಿ, ಡೇಟಾಶೀಟಿನಲ್ಲಿ ಬೇರೆಯೇ ಸಾಲಿನಲ್ಲಿರುತ್ತದೆ. ಅದೂ ಯಾವ ಬಗೆಯ ವಿಪಿಎನ್ ಎನ್ನುವುದರ ಮೇಲೆ ಏರಿಳಿಯುತ್ತದೆ. ಐಪಿಸೆಕ್‌ಗೆ ಪ್ರತ್ಯೇಕ ಚಿಪ್ಪಿನ ನೆರವಿದ್ದರೆ ಓಡುತ್ತದೆ, ವೈರ್‌ಗಾರ್ಡ್ ಸಾಧಾರಣ ಪ್ರೊಸೆಸರಿನಲ್ಲೂ ಚುರುಕು, ಓಪನ್‌ವಿಪಿಎನ್ ನಮ್ಮಂಥ ಚಿಕ್ಕ ಡಬ್ಬಿಗಳಲ್ಲಿ ಏದುಸಿರು ಬಿಡುತ್ತದೆ. ಸರಿ, ಆ ಸಾಲನ್ನೂ ಹುಡುಕಿ ಓದಿದಿರಿ ಎನ್ನಿ. ಹುಬ್ಬಳ್ಳಿಯವರು ಇಳಿಸಿಕೊಳ್ಳುವುದೆಲ್ಲ ಪೀಣ್ಯದಿಂದ ಅಪ್‌ಲೋಡ್ ಆಗಬೇಕಷ್ಟೆ? ಇಲ್ಲಿನ ಬ್ರಾಡ್‌ಬ್ಯಾಂಡಿನ ಅಪ್‌ಲೋಡ್ ವೇಗವನ್ನು ಯಾರೂ ಕೇಳಿಲ್ಲ. ಟ್ಯಾಲಿಯ ಡೇಟಾ ಫೋಲ್ಡರನ್ನೇ ದೂರದಿಂದ ತೆರೆದರೆ ನಿಧಾನ ಎಂದು ಬೈಗುಳ ನನಗೆ ಬೀಳುತ್ತದೆ. ಅಲ್ಲಿ ತೊಡಕಾಗುವುದು ವೇಗದಿಂದಲ್ಲ, ಪ್ರತಿ ಚಿಕ್ಕ ಓದಿಗೂ ಹೋಗಿ ಬಂದು ಮಾಡಬೇಕಾದ ಪ್ರಯಾಣದಿಂದ. ವಿಪಿಎನ್ ಒಳಗೇ ರಿಮೋಟ್ ಡೆಸ್ಕ್‌ಟಾಪ್ ಹಾಕಿ, ಪರದೆಯ ಚಿತ್ರ ಮಾತ್ರ ಹುಬ್ಬಳ್ಳಿಗೆ ಹೋಗುವಂತೆ ಮಾಡಿದರೆ ಅಗ್ಗದ ರೌಟರೂ ಸಾಕು. ಹದಿನೈದು ಜನರ ಆಫೀಸು ವೇಗಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಮೂರೂ ಕೊಟೇಶನ್ನಿನಲ್ಲಿ ಇಲ್ಲದ ಸಾಲು ಬೇರೆ ಇದೆ: ಈ ಮಾದರಿಗೆ ಕಂಪನಿ ಯಾವ ವರ್ಷದವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಕೊಡುತ್ತದೆ?

ರೌಟರೇನು ಮಾತ್ರೆಯೇ, ಎಕ್ಸ್‌ಪೈರಿ ನೋಡಿ ಕೊಳ್ಳಲು? ನೀವೇ ಇಷ್ಟು ವರ್ಷ ಕೆಡದೆ ಓಡಿದ್ದೀರಿ.

ಮಾತ್ರೆಯಾಗಿದ್ದರೆ ಪಟ್ಟಿಯ ಮೇಲೆ ತಾರೀಖು ಅಚ್ಚಾಗಿರುತ್ತಿತ್ತು. ನಮ್ಮ ತಾರೀಖು ಕಂಪನಿಯ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿರುತ್ತದೆ. ಓಡುವುದು ಬೇರೆ, ಭದ್ರವಾಗಿರುವುದು ಬೇರೆ. ಸಿಸ್ಕೋದ ಆರ್‌ವಿ ಸಾಲನ್ನೇ ನೋಡಿ. ಸಣ್ಣ ಉದ್ಯಮಗಳಿಗೆಂದೇ ಹೆಸರಿಟ್ಟು ಮಾರಿದ ವಿಪಿಎನ್ ಡಬ್ಬಿಗಳವು. ಆರ್‌ವಿ110ಡಬ್ಲ್ಯು, ಆರ್‌ವಿ130, ಆರ್‌ವಿ215ಡಬ್ಲ್ಯು ಮಾದರಿಗಳಲ್ಲಿ 2021ರ ಆಗಸ್ಟ್‌ನಲ್ಲಿ ಗಂಭೀರ ದೋಷ ಸಿಕ್ಕಿತು. ಇವುಗಳ ಬಾಳಿಕೆಯ ಅವಧಿ ಮುಗಿದಿದೆ, ದೋಷ ತಿದ್ದುವ ಪ್ಯಾಚ್ ಕೊಡುವುದಿಲ್ಲ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದಿತು ಕಂಪನಿ. 2022ರ ಜೂನ್‌ನಲ್ಲಿ ಇನ್ನೊಂದು ದೋಷ, ಅದೇ ಉತ್ತರ. 2023ರ ಜನವರಿಯಲ್ಲಿ ಆರ್‌ವಿ042 ಮತ್ತು ಅದರ ಸೋದರರ ಸರದಿ, ಆಗಲೂ ಅದೇ. ಕಂಪನಿ ಮೋಸ ಮಾಡಿತು ಎನ್ನಲಾರೆ, ಅವಧಿಯನ್ನು ಮೊದಲೇ ಸಾರಿತ್ತು. ಆದರೆ ಆ ಡಬ್ಬಿಗಳ ದೀಪ ಯಾವತ್ತಿನಂತೆ ಹಸಿರಾಗಿಯೇ ಮಿನುಗುತ್ತಿತ್ತು, ಬಿಲ್ಲುಗಳು ಹೋಗುತ್ತಿದ್ದವು, ಬರುತ್ತಿದ್ದವು. ಮೋಟರು ಸುಟ್ಟರೆ ವಾಸನೆ ಬಂದು ಊರಿಗೇ ಗೊತ್ತಾಗುತ್ತದೆ. ನಾವು ಕೆಟ್ಟರೆ ಹಸಿರು ದೀಪವೇ ಉರಿಯುತ್ತಿರುತ್ತದೆ. ಹೀಗಾಗಿ ‘ಇನ್ನೂ ಓಡುತ್ತಿದೆಯಲ್ಲ’ ಎನ್ನುವುದು ನನ್ನ ವಿಷಯದಲ್ಲಿ ಪುರಾವೆಯೇ ಅಲ್ಲ.

ಹಾಗಾದರೆ ದುಬಾರಿಯಾದ, ಹೆಸರುವಾಸಿ ಕಂಪನಿಯದನ್ನು ತಂದರಾಯಿತಲ್ಲ?

ಈಗಷ್ಟೇ ಹೇಳಿದ್ದು ಅಷ್ಟು ದೊಡ್ಡ ಹೆಸರನ್ನೇ. ಇನ್ನೂ ಬೇಕೇ? 2020ರ ಕೊನೆಯಲ್ಲಿ ಜೈಕ್ಸೆಲ್‌ನ ಫೈರ್‌ವಾಲ್ ಮತ್ತು ವಿಪಿಎನ್ ಗೇಟ್‌ವೇಗಳೊಳಗೆ ಕಂಪನಿಯೇ ಅಡಗಿಸಿಟ್ಟಿದ್ದ ಒಂದು ಅಡ್ಮಿನ್ ಖಾತೆ ಹೊರಬಿತ್ತು. ಪಾಸ್‌ವರ್ಡನ್ನು ಬಳಕೆದಾರ ಬದಲಿಸುವಂತೆಯೇ ಇರಲಿಲ್ಲ. ಆ ಖಾತೆ ಯಾಕೆ ಇತ್ತು ಗೊತ್ತೇ? ಅಪ್‌ಡೇಟ್‌ಗಳನ್ನು ತಾನಾಗಿ ತಲುಪಿಸಲು! ನಗಬೇಡಿ, ನಮ್ಮ ಕುಲದವರಿಗೆ ನಾಚಿಕೆಯ ಸಂಗತಿ. ಫೋರ್ಟಿನೆಟ್‌ನ ವಿಪಿಎನ್‌ನಲ್ಲಿದ್ದ ಒಂದು ದೋಷಕ್ಕೆ 2019ರಲ್ಲೇ ಪ್ಯಾಚ್ ಬಂದಿತ್ತು. 2021ರ ಸೆಪ್ಟೆಂಬರಿನಲ್ಲಿ ಸುಮಾರು 87,000 ಸಾಧನಗಳ ಲಾಗಿನ್ ವಿವರಗಳು ಬಯಲಿಗೆ ಬಿದ್ದವು; ಪ್ಯಾಚ್ ಹಾಕದೆ ಬಿಟ್ಟಿದ್ದ ಕಾಲದಲ್ಲಿ ಅವನ್ನು ಕದ್ದಿದ್ದರು. ಆಮೇಲೆ ಪ್ಯಾಚ್ ಹಾಕಿ, ಪಾಸ್‌ವರ್ಡ್ ಮಾತ್ರ ಹಳೆಯದನ್ನೇ ಉಳಿಸಿಕೊಂಡವರಿಗೂ ಅಪಾಯ ತಪ್ಪಲಿಲ್ಲ. ಅಗ್ಗದ ಕಡೆಗೆ ಬನ್ನಿ: ಮೈಕ್ರೋಟಿಕ್ 2018ರ ಏಪ್ರಿಲಿನಲ್ಲಿ ಒಂದು ದೋಷವನ್ನು ಗೊತ್ತಾದ ಬೆನ್ನಿಗೇ ಸರಿಪಡಿಸಿತು. ಆಗಸ್ಟಿನಲ್ಲಿ, ಪ್ಯಾಚ್ ಬಂದು ಮೂರು ತಿಂಗಳು ದಾಟಿದ ಮೇಲೆ, ಅದೇ ದೋಷ ಹಿಡಿದು ಲಕ್ಷಗಟ್ಟಲೆ ರೌಟರುಗಳಿಂದ ಕ್ರಿಪ್ಟೋ ನಾಣ್ಯ ಗಣಿಗಾರಿಕೆಯ ಸ್ಕ್ರಿಪ್ಟ್ ಹಂಚಿದರು. ದುಬಾರಿಯದೂ ಬಿದ್ದಿದೆ, ಅಗ್ಗದ್ದೂ ಬಿದ್ದಿದೆ. ಬೆಲೆ ನೋಡಿ ಭದ್ರತೆ ಅಳೆಯುವ ಹಾಗಿಲ್ಲ. ದೋಷಗಳ ಲೆಕ್ಕದಿಂದಲೂ ಆಗದು, ಏಕೆಂದರೆ ಒಂದೂ ದೋಷ ಪ್ರಕಟಿಸದ ಕಂಪನಿ ಬಹುಪಾಲು ಹುಡುಕಿಯೇ ಇರುವುದಿಲ್ಲ. ಕಂಪನಿ ದೋಷವನ್ನು ಒಪ್ಪಿಕೊಂಡು ಎಷ್ಟು ಬೇಗ ಪ್ಯಾಚ್ ಕೊಡುತ್ತದೆ, ನಿಮ್ಮ ಆಫೀಸಿನಲ್ಲಿ ಅದನ್ನು ಹಾಕುವವರು ಯಾರು, ಇವೆರಡನ್ನು ಬಿಟ್ಟರೆ ನನಗೆ ಬೇರೆ ಅಳತೆಗೋಲು ಕಾಣುತ್ತಿಲ್ಲ. ಮೊದಲನೆಯದು ನಿಮ್ಮ ಕೈಲಿಲ್ಲ, ಆರಿಸಿಕೊಳ್ಳಬಹುದಷ್ಟೆ. ಎರಡನೆಯದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಯಜಮಾನರ ವಾದ ಬೇರೆ. ‘ನಾವು ಬೋಲ್ಟು ಮಾಡುವವರು, ನಮ್ಮ ಮೇಲೆ ಯಾರ ಕಣ್ಣು?’ ಎನ್ನುತ್ತಾರೆ. ತೂಕವಿಲ್ಲದ ಮಾತೇನೂ ಅಲ್ಲ.

ಯಾರೋ ಕೂತು ಪೀಣ್ಯದ ಬೋಲ್ಟ್ ಕಾರ್ಖಾನೆಯನ್ನು ಆರಿಸುತ್ತಾರೆ ಎಂದುಕೊಂಡರೆ ತೂಕವಿದೆ. ಹಾಗೆ ಆರಿಸುವುದಿಲ್ಲ. ಯಂತ್ರಗಳು ಇಂಟರ್ನೆಟ್ಟಿನ ವಿಳಾಸಗಳನ್ನು ಸಾಲಾಗಿ ತಟ್ಟುತ್ತಾ ಹೋಗುತ್ತವೆ, ತೆರೆದ ಬಾಗಿಲು ಎಲ್ಲಿದ್ದರೂ ನುಗ್ಗುತ್ತವೆ. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳ ಕನಿಷ್ಠ ಐದು ಲಕ್ಷ ಸಾಧನಗಳಲ್ಲಿ ಮನೆ ಮಾಡಿತ್ತು. ಅವು ಬ್ಯಾಂಕಿನ ದೊಡ್ಡ ಯಂತ್ರಗಳಲ್ಲ. ಹೆಚ್ಚಿನವು ಮನೆ ಮತ್ತು ಸಣ್ಣ ಆಫೀಸಿನ ರೌಟರುಗಳು, ನನ್ನ ಬಳಗದವೇ. ರೌಟರುಗಳನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದು ಅಮೆರಿಕದ ಎಫ್‌ಬಿಐ ಜನರಿಗೆ ಕರೆ ಕೊಡಬೇಕಾಯಿತು. ನಮ್ಮ ಆಫೀಸ್ ಬಾಯ್ ಅದೇ ಚಿಕಿತ್ಸೆಯನ್ನು ದಿನಾ ಮಾಡುತ್ತಾನೆ, ಇರಲಿ. ಇಂಥ ಕುತಂತ್ರಾಂಶ ಬಿಡುವವರಿಗೆ ನಿಮ್ಮ ಲೆಡ್ಜರ್ ಬೇಡ, ಮತ್ತೊಬ್ಬರ ಮೇಲೆ ದಾಳಿ ಮಾಡಲು ನಿಮ್ಮ ವಿಳಾಸ ಬೇಕು. ಲೆಡ್ಜರಿಗೇ ಬೀಗ ಹಾಕಿ ಹಣ ಕೇಳುವವರು ಬೇರೆ ಇದ್ದಾರೆ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ನೇರವಾಗಿ ಹೊರಗೆ ತೆರೆದಿಟ್ಟ ಆಫೀಸುಗಳೆಂದರೆ ಅವರಿಗೆ ಬಲು ಪ್ರೀತಿ. ಪೋರ್ಟ್ ಫಾರ್ವರ್ಡ್ ಮಾಡಿಕೊಟ್ಟು ‘ಇನ್ನು ಎಲ್ಲಿಂದ ಬೇಕಾದರೂ ಟ್ಯಾಲಿ ನೋಡಿ ಸಾರ್’ ಎನ್ನುವ ಸೇವೆ ಇಂದಿಗೂ ನಡೆಯುತ್ತಿದೆ.

ನಿಮ್ಮ ಹೊಟ್ಟೆಯ ಮೇಲೆ ಹೊಡೆಯುವ ಪ್ರಶ್ನೆ. ರೌಟರಿನ ಗೊಡವೆಯೇ ಇಲ್ಲದೆ, ಕಂಪ್ಯೂಟರಿಗೊಂದು ಆ್ಯಪ್ ಹಾಕಿದರೆ ಜಾಲ ಜೋಡಿಸಿಕೊಡುವ ಸೇವೆಗಳು ಬಂದಿವೆ. ನೀವು ಯಾಕೆ ಬೇಕು?

ನ್ಯಾಯವಾದ ಪ್ರಶ್ನೆ. ಬೇಡದೆಯೂ ಇರಬಹುದು. ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನೆಲ್ಲಿಗೇ ಸೇರಿತು. ಅದನ್ನು ನೆಚ್ಚಿಕೊಂಡ ಸೇವೆಗಳು ನನ್ನ ದೊಡ್ಡ ತಲೆನೋವೊಂದನ್ನು ಸಲೀಸಾಗಿ ದಾಟುತ್ತವೆ. ಏನೆಂದರೆ, ಎಷ್ಟೋ ಕಡೆ ಬ್ರಾಡ್‌ಬ್ಯಾಂಡಿನವರು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾರೆ. ಇಂಟರ್ನೆಟ್ಟಿಗೆ ಸೇರುವ ನನ್ನ ವ್ಯಾನ್ ಪೋರ್ಟಿಗೆ 100.64ರಿಂದ 100.127ರೊಳಗಿನ ವಿಳಾಸ ಬಂದಿದ್ದರೆ, ಹುಬ್ಬಳ್ಳಿಯಿಂದ ಯಾರೂ ನೇರವಾಗಿ ನನ್ನನ್ನು ತಲುಪಲಾರರು. ಎರಡು ಕಡೆಯೂ ಹೀಗಿದ್ದರಂತೂ ಎಷ್ಟು ಬೆಲೆಯ ರೌಟರ್ ತಂದರೂ ಅಷ್ಟೆ. ಹಾಗಾಗಿ ರೌಟರ್ ಕೊಳ್ಳುವ ಮೊದಲು ಕನಿಷ್ಠ ಪೀಣ್ಯದಲ್ಲಾದರೂ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಸಾರ್ವಜನಿಕ ವಿಳಾಸ, ಸಿಗುವುದೇ ಎಂದು ಕೇಳಿಕೊಳ್ಳಬೇಕು. ಶಾಖೆ ಒಂದೇ, ಹೊರಗಿನಿಂದ ಬರುವ ಅಕೌಂಟೆಂಟ್ ಒಬ್ಬರೇ ಎಂದಾದರೆ ಆ್ಯಪ್ ಸೇವೆ ಸಾಕು ಎಂದು ನಾನೇ ಒಪ್ಪುತ್ತೇನೆ. ಪ್ರಿಂಟರು, ಸಿಸಿಟಿವಿ ಪೆಟ್ಟಿಗೆ, ಹಾಜರಾತಿ ಯಂತ್ರ ಇವಕ್ಕೆಲ್ಲ ಆ್ಯಪ್ ಹಾಕಲಾಗದು. ಅವೂ ಜಾಲದೊಳಗೆ ಬರಬೇಕಾದರೆ ನನ್ನಂಥವರು ಬೇಕು. ಆದರೆ ನೋಡಿಕೊಳ್ಳುವವರು ಯಾರು ಎಂಬ ನನ್ನ ಮಾತು ಆ್ಯಪ್ ಸೇವೆಗೂ ಅನ್ವಯಿಸುತ್ತದೆ. ಆ ಸೇವೆಯ ಖಾತೆ ಯಾರ ಇಮೇಲಿನಲ್ಲಿದೆ? ಅವರು ಕೆಲಸ ಬಿಟ್ಟರೆ ಬೀಗದ ಕೈ ಯಾರಿಗೆ? ಡಬ್ಬಿ ಮಾಯವಾದರೂ ಈ ಪ್ರಶ್ನೆ ಉಳಿಯುತ್ತದೆ.

ಸರ್ಕಾರ ವಿಪಿಎನ್‌ಗೆ ನಿಯಮ ಹಾಕಿದೆ ಎಂದು ಕೇಳಿ ಯಜಮಾನರಿಗೆ ಅಳುಕು.

ಸರ್ಟ್‌-ಇನ್ ಎಂಬ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಮಾತು ತಾನೇ? ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕೆಂಬುದು ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರುವವರಿಗೆ. ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸುವ ಒಳವಿಪಿಎನ್‌ಗೆ ಅದು ಅನ್ವಯಿಸದು ಎಂದು ಸರ್ಟ್‌-ಇನ್ ಆಮೇಲೆ ಸ್ಪಷ್ಟಪಡಿಸಿತು. ಯಜಮಾನರು ಅಳುಕಬೇಕಾದ್ದು ಬೇರೆ ಎರಡಕ್ಕೆ: ದಾಳಿಯಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ನನ್ನಂಥ ಎಷ್ಟೋ ಡಬ್ಬಿಗಳಲ್ಲಿ ಲಾಗ್ ಇರುವುದು ತಾತ್ಕಾಲಿಕ ಮೆಮೊರಿಯಲ್ಲಿ. ಬೆಸ್ಕಾಂ ಒಮ್ಮೆ ಕಣ್ಣು ಮಿಟುಕಿಸಿದರೆ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಲಾಗನ್ನು ಒಳಗಿನ ಬೇರೊಂದು ಕಂಪ್ಯೂಟರಿಗೆ ಕಳಿಸುವ ಏರ್ಪಾಡು ಮಾಡಿದರೆ ತೀರಿತು. ಮಾಡುವವರಾರು ಎಂದು ಮತ್ತೆ ಕೇಳಿದರೆ ನನಗೇ ಬೇಸರ ಬರುತ್ತದೆ.

ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಇದೆಯಲ್ಲ! ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದಾರೆ. ಇನ್ನೂ ಖರ್ಚು ಮಾಡಿ ಎಂದರೆ ಸಣ್ಣ ಕಾರ್ಖಾನೆಯವರು ಎಲ್ಲಿಂದ ತರಬೇಕು?

ಎಎಂಸಿಯವರು ಬರುತ್ತಾರೆ, ಬ್ಲೋವರಿನಲ್ಲಿ ಧೂಳು ಹೊಡೆಯುತ್ತಾರೆ, ಕಾಫಿ ಕುಡಿದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಒಪ್ಪಂದದಲ್ಲಿ ಬರೆದಿರುವುದೇ ಅಷ್ಟು, ಅವರದೇನೂ ತಪ್ಪಿಲ್ಲ. ಹೆಚ್ಚು ಹಣ ಕೊಡಿ ಎನ್ನುವುದಿಲ್ಲ, ಅದೇ ಹಣಕ್ಕೆ ಬೇರೆ ಕೆಲಸ ಬರೆಸಿ: ಪ್ಯಾಚ್ ಬಂದ ಇಷ್ಟು ದಿನದೊಳಗೆ ಹಾಕಬೇಕು, ಮೂರು ತಿಂಗಳಿಗೊಮ್ಮೆ ವಿಪಿಎನ್ ಖಾತೆಗಳ ಪಟ್ಟಿ ಯಜಮಾನರ ಮೇಜಿಗೆ ಬರಬೇಕು. ಎರಡನೆಯದನ್ನು ಹಗುರವಾಗಿ ಕಾಣಬೇಡಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಇಂಧನ ಸಾಗಣೆ ನಿಂತೇ ಹೋಯಿತಲ್ಲ, ಒಳನುಗ್ಗಿದವರು ಬಂದದ್ದು ಯಾರೂ ಬಳಸದ ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕಿದ್ದದ್ದು ಒಂದು ಪಾಸ್‌ವರ್ಡು, ಮೊಬೈಲ್ ಓಟಿಪಿಯಂಥ ಎರಡನೆಯ ಕಾವಲಿಲ್ಲ. ಕಂಪನಿಯವರು 44 ಲಕ್ಷ ಡಾಲರ್ ಸುಲಿಗೆ ಹಣ ತೆತ್ತರು. ನನ್ನೊಳಗೆ ಈಗ ಏಳು ಖಾತೆಗಳಿವೆ, ಅವುಗಳಲ್ಲಿ ನಾಲ್ಕು ಖಾತೆಗಳವರು ಕೆಲಸ ಬಿಟ್ಟು ಹೋಗಿದ್ದಾರೆ. ಒಬ್ಬರು ಈಗ ಪ್ರತಿಸ್ಪರ್ಧಿ ಕಾರ್ಖಾನೆಯಲ್ಲಿದ್ದಾರೆ.

ಕೊನೆಗೆ ಯಾವುದನ್ನು ತರಬೇಕು, ನೇರವಾಗಿ ಹೇಳಿಬಿಡಿ.

ಮೂರು ಕೊಟೇಶನ್ ಕೊಟ್ಟವರಿಗೂ ಒಂದೇ ಪತ್ರ ಬರೆಯಿರಿ: ಸೆಕ್ಯೂರಿಟಿ ಅಪ್‌ಡೇಟ್ ಎಂದಿನವರೆಗೆ, ಬರವಣಿಗೆಯಲ್ಲಿ ತಿಳಿಸಿ. ಇನ್ನೂ ಐದು ವರ್ಷ ಬರುವುದೆಂದು ಕಂಪನಿಯ ಕಾಗದ ತೋರಿಸಿದವರದನ್ನು ಕೊಳ್ಳಿ, ಆಂಟೆನಾ ಇಲ್ಲದಿದ್ದರೂ ಸರಿಯೇ. ಹಳೆಯ ದಾಸ್ತಾನೆಂದು ಅರ್ಧ ಬೆಲೆಗೆ ಕೊಡುವುದನ್ನು ಮುಟ್ಟಬೇಡಿ, ಅದರ ಆಯಸ್ಸು ಗೋದಾಮಿನಲ್ಲೇ ಕರಗಿರುತ್ತದೆ. ಐಪಿಸೆಕ್ ಅಥವಾ ವೈರ್‌ಗಾರ್ಡ್ ಇರಲಿ. ಸುಲಭವೆಂದು ಪಿಪಿಟಿಪಿ ಎಂಬ ಹಳೆಯ ಬಗೆಯ ವಿಪಿಎನ್ ಹಾಕಿಕೊಡಲು ಬಂದವರನ್ನು ಕಾಫಿ ಕೊಟ್ಟು ಕಳಿಸಿ, ಅದರ ಬೀಗ ಒಡೆಯುವ ದಾರಿ 2012ರಿಂದ ಲೋಕಕ್ಕೇ ಗೊತ್ತು. ಅಡ್ಮಿನ್ ಪುಟ ಹೊರಗಿನ ಇಂಟರ್ನೆಟ್ಟಿಗೆ ಕಾಣಬಾರದು. ಹುಬ್ಬಳ್ಳಿಯಲ್ಲೂ ಪೀಣ್ಯದಲ್ಲೂ ಒಳವಿಳಾಸ 192.168.1 ಎಂದೇ ಇದೆ, ಒಂದು ಕಡೆ ಬದಲಿಸಿ. ಇಲ್ಲವಾದರೆ ಯಾವ ವಿಳಾಸ ಯಾವ ಊರಿನದೆಂದು ತಿಳಿಯದೆ ಹೊಸಬರೂ ಮೊದಲ ದಿನವೇ ಕೈಚೆಲ್ಲುತ್ತಾರೆ, ರೌಟರ್ ಸರಿಯಿಲ್ಲ ಎಂದು ನೀವು ವಾಪಸು ಒಯ್ಯುತ್ತೀರಿ.

ಮತ್ತೆ ನಿಮ್ಮನ್ನು? ಗುಜರಿಯವನು ನಾಳೆ ಬರುತ್ತಾನಂತೆ.

ಹಾಗೇ ಕೊಟ್ಟುಬಿಟ್ಟೀರಿ! ಸೆಕೆಂಡ್‌ಹ್ಯಾಂಡ್ ರೌಟರುಗಳನ್ನು ಕೊಂಡು ತೆರೆದು ನೋಡಿದ ಇಸೆಟ್ ಎಂಬ ಸೈಬರ್ ಭದ್ರತಾ ಕಂಪನಿ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹಳೆಯ ಒಡೆಯರ ಜಾಲದ ವಿವರ ಹಾಗೇ ಉಳಿದಿತ್ತೆಂದು 2023ರಲ್ಲಿ ಹೇಳಿತು. ನನ್ನೊಳಗೆ ಬ್ರಾಡ್‌ಬ್ಯಾಂಡಿನ ಪಾಸ್‌ವರ್ಡ್ ಇದೆ, ಹುಬ್ಬಳ್ಳಿಯ ಕೀಲಿ ಇದೆ, ಆ ಏಳು ಖಾತೆಗಳಿವೆ. ಹಿಂಬದಿಯಲ್ಲಿ ರೀಸೆಟ್ ಎಂದು ಬರೆದ ಸಣ್ಣ ತೂತಿದೆ; ಕರೆಂಟು ಇರುವಾಗಲೇ ಪಿನ್ನು ತೂರಿಸಿ, ದೀಪಗಳೆಲ್ಲ ಒಟ್ಟಿಗೆ ಮಿನುಗುವ ತನಕ ಒತ್ತಿಹಿಡಿಯಿರಿ. ಹುಬ್ಬಳ್ಳಿಯ ಕಡೆ ಕೀಲಿಯನ್ನು ಅದೇ ದಿನ ಬದಲಿಸಿ. ಆಮೇಲೆ ಗುಜರಿಯವನ ಹತ್ತಿರ ಚೌಕಾಸಿ ಮಾಡಿ.