ಗ್ರಾಫ್ಟ್ ಗೋಪಿ

ಎದುರು ಸಿಕ್ಕವರ ಮುಖ ನೋಡಿ ಮಾತಾಡುವ ಅಭ್ಯಾಸ ಗೋಪಿಗೆ ತಪ್ಪಿಹೋಗಿದೆ. ಅವನ ಕಣ್ಣು ಸೀದಾ ನಿಮ್ಮ ಹಣೆ ಮುಗಿಯುವ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಲಿಫ್ಟಿನಲ್ಲಿ 'ಚೆನ್ನಾಗಿದೀರಾ ಸಾರ್' ಎನ್ನುವಷ್ಟರಲ್ಲಿ ನೆತ್ತಿಯ ಸರ್ವೆ ಮುಗಿದಿರುತ್ತದೆ. ಕೆಳಗಿಳಿಯುವುದರೊಳಗೆ ಬಕ್ಕತನದ ತೀರ್ಪು: 'ನಾರ್ವುಡ್ ನಾಲ್ಕು. ಇನ್ನೂ ಟೈಮಿದೆ.' ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಈಗ ಇಂಥ ಒಬ್ಬ ಇದ್ದೇ ಇರುತ್ತಾನೆ. ನಲವತ್ತರ ಆಸುಪಾಸು, ಐಟಿ ಕೆಲಸ, ಒಮ್ಮೆ ಇಸ್ತಾಂಬುಲ್‌ಗೆ ಹೋಗಿ ಕೂದಲು ನೆಡಿಸಿಕೊಂಡು ಬಂದವನು. ಅಲ್ಲಿನ ಹಾಗಿಯಾ ಸೋಫಿಯಾ ಹೇಗಿತ್ತಪ್ಪಾ ಎಂದು ಮಾತ್ರ ಕೇಳಬೇಡಿ. ಬಿಸಿಲಿಗೆ ತಲೆ ಒಡ್ಡಬಾರದು ಎಂದಿದ್ದರು, ನೋಡಿಲ್ಲ.

ಹಳೆಯ ಗೋಪಿಯನ್ನು ಕಂಡವರು ಕಡಿಮೆ, ಅವನು ಟೋಪಿಯೊಳಗೇ ಇರುತ್ತಿದ್ದ. ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು, ಹೋಟೆಲಿನಲ್ಲಿ ಫ್ಯಾನಿಗೆ ದೂರದ ಟೇಬಲ್ಲು, ಸ್ಕೂಟರ್ ಇಳಿದ ಮೇಲೂ ತಲೆಯಲ್ಲೇ ಹೆಲ್ಮೆಟ್ಟು. ಅವನಮ್ಮ ಗರುಗದ ಸೊಪ್ಪಿನ ಎಣ್ಣೆ ಕಾಯಿಸಿ ಹಚ್ಚಿದರು, ದಾಸವಾಳದ ಎಲೆ ಅರೆದು ಮೆತ್ತಿದರು. ಈರುಳ್ಳಿ ರಸದ ಸರದಿ ಬಂದಾಗ ಹೆಂಡತಿ ಹಾಸಿಗೆಯನ್ನು ಹಾಲಿಗೆ ಸಾಗಿಸಿದಳು. 2017ರಲ್ಲಿ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಬಂದಾಗ ಆಫೀಸಿನವರೆಲ್ಲ ಸೇರಿ ಟಿಕೆಟ್ ತೆಗೆಸಿದರು. ಗೋಪಿಗೆ ಅವತ್ತು ಜ್ವರ.

ಕಂಪನಿ ಅವನನ್ನು ಮ್ಯೂನಿಕ್‌ಗೆ ಕಳಿಸಿದ ಮೇಲೆ ಗ್ರಹಗತಿ ಬದಲಾಯಿತು. ಜರ್ಮನಿಯಲ್ಲಿ ಕೂದಲು ನೆಡಿಸುವುದು ದುಬಾರಿ. ಅಲ್ಲಿನವರೇ ವಿಮಾನ ಹತ್ತಿ ಇಸ್ತಾಂಬುಲ್‌ಗೆ ಹೋಗುತ್ತಾರೆ. ಷೆಂಗೆನ್ ವೀಸಾ ಕೈಯಲ್ಲಿದ್ದರೆ ನಮ್ಮವರಿಗೂ ಟರ್ಕಿಯ ಇ-ವೀಸಾ ಕೂತಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲೇ ಮಾಡಿಸಬಹುದಿತ್ತಲ್ಲ ಎಂದರೆ, 'ಜಯನಗರದ ಕ್ಲಿನಿಕ್ಕಲ್ಲಿ ಸೋದರಮಾವ ಸಿಕ್ಕಿಬಿಟ್ರೆ?' ಎನ್ನುತ್ತಾನೆ. ಸೋದರಮಾವನದೂ ಬಕ್ಕತಲೆಯೇ ಎನ್ನುವುದು ಬೇರೆ ಮಾತು.

ಮುಂದೆ, ಮೇಲೆ, ಎಡ, ಬಲ, ಹಿಂದೆ ಎಂದು ತಲೆಯ ಐದು ಫೋಟೋ ವಾಟ್ಸಾಪಿನಲ್ಲಿ ಇಸ್ತಾಂಬುಲ್‌ಗೆ ಹೋದವು. ಹತ್ತೇ ನಿಮಿಷದಲ್ಲಿ ಉತ್ತರ: ನೀವು ಸೂಕ್ತ ಅಭ್ಯರ್ಥಿ. ಇಂಜಿನಿಯರಿಂಗ್ ಸೀಟು ಸಿಕ್ಕಾಗ, ಹೆಣ್ಣಿನ ಕಡೆಯವರು ಒಪ್ಪಿದಾಗ ಕೂಡ ಗೋಪಿ ಅಷ್ಟು ಹಿಗ್ಗಿರಲಿಲ್ಲ. ಬದುಕಿನುದ್ದಕ್ಕೂ ಯಾರೂ ತಿರುಗಿ ನೋಡದಿದ್ದ ತನ್ನ ಹಿಂದಲೆಯೇ ಆಸ್ತಿ ಎಂದು ಅವನಿಗೆ ಆಗಲೇ ತಿಳಿದದ್ದು. ಕಿವಿಯಿಂದ ಕಿವಿಗೆ ಹಿಂದುಗಡೆ ಹಬ್ಬಿರುವ ಆ 'ಡೋನರ್' ಕೂದಲು ಹಾರ್ಮೋನಿನ ಹೊಡೆತಕ್ಕೆ ಜಗ್ಗುವುದಿಲ್ಲ. ಕಿತ್ತು ಮುಂದೆ ನೆಟ್ಟರೂ ತವರಿನ ಗುಣ ಬಿಡುವುದಿಲ್ಲ ಎಂದು ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಒರೆಂಟ್ರೈಖ್ 1959ರಲ್ಲೇ ಬರೆದಿಟ್ಟಿದ್ದಾರೆ. ಆದರೆ ತೆಗೆದ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಬಡ್ಡಿಯಿಲ್ಲದ ಠೇವಣಿ ಅದು, ತೆಗೆದಷ್ಟೂ ಕರಗುತ್ತದೆ.

ಅಲ್ಲಿ ಆದದ್ದನ್ನು ಗೋಪಿ ಚುಟುಕಾಗಿ ಹೇಳುತ್ತಾನೆ. ವಿಮಾನ ನಿಲ್ದಾಣಕ್ಕೆ ವ್ಯಾನು, ಮೂರು ರಾತ್ರಿ ಹೋಟೆಲು, ದುಭಾಷಿ, ಎಲ್ಲ ಪ್ಯಾಕೇಜಿನಲ್ಲೇ. ಇದ್ದಬದ್ದದ್ದನ್ನೂ ಬೋಳಿಸಿ, ಸೂಜಿ ಚುಚ್ಚಿ ಮರಗಟ್ಟಿಸಿ, ಬೆಳಿಗ್ಗೆ ಬೋರಲು ಮಲಗಿಸಿ ಕೀಳುವುದು, ಮಧ್ಯಾಹ್ನ ಅಂಗಾತ ಮಲಗಿಸಿ ನೆಡುವುದು. ಆಪರೇಷನ್ ಮಾಡಿದ ಡಾಕ್ಟರ ಹೆಸರೇನು ಎಂದರೆ ಮಾತ್ರ ತಡವರಿಸುತ್ತಾನೆ. 'ಡಾಕ್ಟ್ರು ಬಂದು ಪೆನ್ನಲ್ಲಿ ಗೆರೆ ಎಳೆದು ಹೋದ್ರು ಸಾರ್. ಮಿಕ್ಕಿದ್ದೆಲ್ಲ ಹುಡುಗ್ರು.' ಪರವಾನಗಿಯಿಲ್ಲದ ಕೈಗಳಿಗೆ ತಲೆ ಕೊಡಬೇಡಿ ಎಂದು ಕೂದಲು ಕಸಿ ವೈದ್ಯರ ಅಂತರರಾಷ್ಟ್ರೀಯ ಸಂಘವೇ ಬಡಿದುಕೊಳ್ಳುತ್ತಿದೆ. ಅರ್ಹತೆ ಅಳೆಯುವವನೇ ಪ್ಯಾಕೇಜ್ ಮಾರುವವನೂ ಆದರೆ ಅನರ್ಹ ಎಲ್ಲಿಂದ ಸಿಗಬೇಕು ಎಂಬುದು ನನ್ನ ತಕರಾರು. ಗೋಪಿಗೆ ಅದು ಹೊಟ್ಟೆಕಿಚ್ಚಾಗಿ ಕೇಳಿಸುತ್ತದೆ. ಮರಳುವ ವಿಮಾನದಲ್ಲಿ ಹಣೆಗೆ ಕಪ್ಪು ಪಟ್ಟಿ ಕಟ್ಟಿ, ತಲೆತುಂಬ ಕೆಂಪು ಚುಕ್ಕೆ ಹೊತ್ತ ಗಂಡಸರು ಸಾಲಾಗಿ ಕೂತಿದ್ದರಂತೆ. 'ಎಲ್ಲಾ ನಮ್ಮೋರೇ ಅನ್ನಿಸ್ತು.' ಊತ ಹಣೆಯಿಂದ ಕಣ್ಣಿಗೆ ಇಳಿದ ದಿನ ವಿಡಿಯೋ ಕಾಲ್‌ನಲ್ಲಿ ಕಂಡ ಹೆಂಡತಿ, 'ರೀ, ಯಾರ್ ಹೊಡೆದ್ರು?' ಎಂದು ಅತ್ತಳು.

ಊರಿಗೆ ಮರಳಿದ ಗೋಪಿ ಪರೀಕ್ಷಕನಾದ. ಬಕ್ಕತನಕ್ಕೆ ಏಳು ಮೆಟ್ಟಿಲು ಕಟ್ಟಿ 1975ರಲ್ಲಿ ಪಟ್ಟಿ ಕೊಟ್ಟ ನಾರ್ವುಡ್ ಸಾಹೇಬರೂ ಇಷ್ಟು ತಲೆ ನೋಡಿದ್ದರೋ ಇಲ್ಲವೋ. ಇಪ್ಪತ್ತೆರಡರ ಹುಡುಗ ಬಂದರೆ 'ಉದುರೋದು ಒಂದು ಹದಕ್ಕೆ ಬರ್ಲಿ, ಈಗ ನೆಟ್ರೆ ಹಿಂದೆ ಖಾಲಿಯಾಗಿ ಮುಂದೆ ದ್ವೀಪ ಉಳಿಯತ್ತೆ' ಎಂದು ವಾಪಸ್ ಕಳಿಸುತ್ತಾನೆ. ಬಿಲ್ಲೆಬಿಲ್ಲೆಯಾಗಿ ಉದುರುತ್ತಿದ್ದರೆ ಚರ್ಮದ ಡಾಕ್ಟರ ಹತ್ತಿರ ಓಡಿಸುತ್ತಾನೆ. ಹಿಂದೆಯೂ ತೆಳುವಾಗಿದ್ದರೆ ಅನರ್ಹ. ಇದೆಲ್ಲ ಸರಿಯಾದ ಸಲಹೆಯೇ, ಕೇಳಿದವರಿಗೆ ಕೊಟ್ಟಿದ್ದರೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ಅರವತ್ತೆಂಟರ ನೆಮ್ಮದಿಯ ಜೀವ. ನೀರಿನ ಟ್ಯಾಂಕರ್ ಲೆಕ್ಕ ಬಿಟ್ಟು ಬೇರೆ ಚಿಂತೆಯಿಲ್ಲ. ಗೋಪಿ ಅವರಿಗೆ ಒಂದು ಪ್ರದಕ್ಷಿಣೆ ಹಾಕಿ, 'ನಿಮ್ದು ಏಳು, ಡೋನರ್ ವೀಕು. ಸಾರಿ ಸಾರ್' ಎಂದ. ಎಂದೂ ಅರ್ಜಿ ಹಾಕದ ಪರೀಕ್ಷೆಯಲ್ಲಿ ಫೇಲಾದ ಕಾರ್ಯದರ್ಶಿಗಳು ಎರಡು ಮೀಟಿಂಗಿಗೆ ಬರಲಿಲ್ಲ. ಮೂರನೆಯದಕ್ಕೆ ಬಂದು, ಯಾವುದೋ ಕ್ಲಿನಿಕ್ ತಮ್ಮನ್ನು ಸೂಕ್ತ ಎಂದಿರುವ ಮೆಸೇಜನ್ನು ಎಲ್ಲರಿಗೂ ತೋರಿಸಿದರು.

ಗೋಪಿಗೂ ಒಂದು ಕೆಟ್ಟ ಕಾಲ ಬಂದಿತ್ತು. ನೆಟ್ಟ ಕೂದಲು ಮೊದಲ ತಿಂಗಳಲ್ಲೇ ಉದುರುತ್ತದೆ, ಬೇರು ಉಳಿದು ಮೂರ್ನಾಲ್ಕು ತಿಂಗಳಿಗೆ ಮತ್ತೆ ಚಿಗುರುತ್ತದೆ, ಪೂರ್ತಿ ರೂಪ ಬರಲು ವರ್ಷ ಬೇಕು. ಇದನ್ನು ಬಲ್ಲವನೇ ದಿಂಬಿನ ಮೇಲೆ ಬಿದ್ದದ್ದನ್ನು ಎಣಿಸುತ್ತ ಕೂತ. ಮಗನ ಸಂಕಟ ನೋಡಲಾರದೆ ಅವನಮ್ಮ ತಿಮ್ಮಪ್ಪನಿಗೆ ಹರಕೆ ಹೊತ್ತರು. ವರ್ಷ ತುಂಬಿತು, ಕೂದಲು ಸೊಂಪಾಗಿ ಬಂತು. ಆಮೇಲೆ ಹರಕೆ ಏನೆಂದು ಹೇಳಿದರು: ಮುಡಿ.

'ಮೂರು ಕತ್ತರಿ ಕೊಟ್ರೆ ಸಾಲ್ದೇನಮ್ಮಾ?'

'ಅದು ಹೆಂಗಸ್ರಿಗೆ ಕಣೋ.'

ತಿರುಪತಿಗೆ ಟಿಕೆಟ್ ಆಗಿದೆ. ಒಪ್ಪಿಕೊಳ್ಳುವಂಥ ನೆಪವೊಂದು ಡಾಕ್ಟರ ಬಾಯಿಂದಲೇ ಬರಲೆಂದು ಗೋಪಿ ಇಸ್ತಾಂಬುಲ್‌ಗೆ ಬರೆದ. ಈ ಸಲವೂ ಹತ್ತೇ ನಿಮಿಷ: ವರ್ಷವಾದ ಮೇಲೆ ಧಾರಾಳವಾಗಿ ಬೋಳಿಸಬಹುದು, ಬೇರಿಗೇನೂ ಆಗದು, ಮತ್ತೆ ಬೆಳೆಯುತ್ತದೆ. ಆ ಮೆಸೇಜನ್ನು ಅವನು ಅಮ್ಮನಿಗೆ ಇನ್ನೂ ತೋರಿಸಿಲ್ಲ.