ಹವಾಯಿ ಚಪ್ಪಲಿ ಸೂಚ್ಯಂಕ

ಒಂದು ಊರು ವಾಸಕ್ಕೆ ಲಾಯಕ್ಕೋ ಅಲ್ಲವೋ ಎಂದು ಹೇಳಲು ನನ್ನ ಬಳಿ ಇರುವುದು ಒಂದೇ ಅಳತೆಗೋಲು: ನೀಲಿ ಬಾರಿನ ಹವಾಯಿ ಚಪ್ಪಲಿ. ಅದನ್ನು ಮೆಟ್ಟಿಕೊಂಡು, ಉಟ್ಟ ಪಂಚೆಯಲ್ಲೇ, ತಲೆ ಕೂಡ ಬಾಚದೆ ಹೊರಬಿದ್ದರೆ ಎಷ್ಟು ಕೆಲಸ ಮುಗಿಸಿಕೊಂಡು ಮನೆಗೆ ಬರಬಹುದು, ಎಣಿಸಿ ನೋಡಿ. ಐದಾದರೆ ಆ ಊರಲ್ಲಿ ಬಾಳಬಹುದು. ಹತ್ತಾದರೆ ಓನರು ಬಾಡಿಗೆ ಏರಿಸಿದರೂ ಬಾಯಿ ಮುಚ್ಚಿಕೊಂಡು ಇರಬೇಕು. ಸೊನ್ನೆ ಬಂದರೆ ಅದು ಊರಲ್ಲ, ಪ್ರಾಜೆಕ್ಟು.

ಸರ್ಕಾರದ ಲೆಕ್ಕ ಬೇರೆ. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 111 ನಗರಗಳನ್ನು ತೂಗಿ, ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ಸಲೀಸಾಗಿ ಬದುಕಲು ಬೆಂಗಳೂರೇ ಮೊದಲು ಎಂದು ಪಟ್ಟಿ ಹೊರಡಿಸಿತು. ನೂರಕ್ಕೆ 66.70 ಅಂಕ. ನಾನು ಹೆಮ್ಮೆಯಿಂದ ಪೇಪರು ಹಿಡಿದು ಹೆಂಡತಿಯ ಬಳಿ ಹೋದೆ. ಅವಳು ಮೂರು ದಿನದಿಂದ ಮೌನವ್ರತ ಹಿಡಿದಿದ್ದ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಕೂತಿದ್ದಳು.

“ಫಸ್ಟ್ ಕ್ಲಾಸು” ಎಂದೆ.

“ಮಿಕ್ಕ ಮೂವತ್ತಮೂರು ಎಲ್ಲಿ ಹೋಯ್ತಂತೆ?”

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿರಬೇಕು, ನಿಧಾನಕ್ಕೆ ಬರುತ್ತವೆ ಎಂದು ಸಮಾಧಾನ ಹೇಳಿದೆ.

ಆಗ ನಾವಿದ್ದದ್ದು ಹನುಮಂತನಗರದಲ್ಲಿ. ಇಪ್ಪತ್ತೆರಡು ವರ್ಷ ಒಂದೇ ಬಾಡಿಗೆ ಮನೆ. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಕುಮಾರಸ್ವಾಮಿ ಗುಡ್ಡ. ಯಾವ ದಿಕ್ಕಿಗೆ ಹೊರಟರೂ ಒಂದು ಇಳಿಜಾರು, ಒಂದು ಏರು. ಒಂದು ಭಾನುವಾರ ಸುಮ್ಮನೆ ಕುತೂಹಲಕ್ಕೆ ಎಣಿಸಿದೆ. ಹಾಲು ತಂದೆ. ಗೋಧಿ ಡಬ್ಬ ಗಿರಣಿಯಲ್ಲಿಟ್ಟೆ. ಇಸ್ತ್ರಿ ಗಾಡಿಯವನಿಗೆ ಎರಡು ಶರ್ಟು ಕೊಟ್ಟೆ. ಮಾತ್ರೆ ತಗೊಂಡೆ. ಕಟಿಂಗ್ ಶಾಪಿನಲ್ಲಿ ಕ್ಯೂ ಎಷ್ಟಿದೆ ಎಂದು ಇಣುಕಿದೆ. (ಇದೂ ಒಂದು ಕೆಲಸವೇ.) ದರ್ಶಿನಿಯಲ್ಲಿ ನಿಂತುಕೊಂಡು ಬೈಟು ಕಾಫಿ ಕುಡಿದೆ. ನನ್ನ ಕಾಫಿಯ ಉಳಿದರ್ಧ ಕುಡಿದವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ, ಆದರೆ ಅವರ ಅಳಿಯನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತು. ಗಿರಣಿಯಿಂದ ಹಿಟ್ಟು ವಾಪಸು ತರುವ ಹೊತ್ತಿಗೆ ಹನ್ನೊಂದು ಕೆಲಸ ಆಗಿತ್ತು, ನಲವತ್ತು ನಿಮಿಷ ಆಗಿತ್ತು, ಚಪ್ಪಲಿ ಸ್ವಲ್ಪ ಸವೆದಿತ್ತು.

ಹಾಗೆಂದು ಹನುಮಂತನಗರ ವೈಕುಂಠವೇನೂ ಅಲ್ಲ. ಕಾವೇರಮ್ಮ ನೂರು ಕಿಲೋಮೀಟರು ದೂರದಿಂದ, ಪಂಪಿನ ಮೇಲೆ ಪಂಪು ತಳ್ಳಿಸಿಕೊಂಡು, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಈ ಊರಿಗೆ ಬರುತ್ತಾಳೆ. ಅಷ್ಟು ಸುಸ್ತಾಗಿ ಬರುವವಳು ನಮ್ಮ ಬೀದಿಗೆ ರಾತ್ರಿ ಎರಡಕ್ಕೆ ಮುಟ್ಟಿದರೆ ತಪ್ಪು ಹೇಳುವುದು ಹೇಗೆ? ಮೇಲಿನ ಮನೆಯ ಓನರಮ್ಮ ನಾವು ಎಷ್ಟು ಬಕೆಟ್ಟು ಸುರಿದುಕೊಂಡೆವು ಎಂದು ಸದ್ದಿನ ಮೇಲೆಯೇ ಲೆಕ್ಕ ಇಡುತ್ತಿದ್ದರು. ಬೀದಿಗೆ ಕಾಲಿಟ್ಟರೆ ಸಾಕು, “ಎಲ್ಲಿಗೆ ಹೊರಟ್ರಿ?” ಉತ್ತರಕ್ಕೆ ಯಾರೂ ಕಾಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಮಗನಿಗೆ ಇಪ್ಪತ್ತೇಳು ತುಂಬುತ್ತಲೇ ಪ್ರಶ್ನೆ ಬದಲಾಯಿತು: “ಎಲ್ಲಾದ್ರೂ ನೋಡ್ತಿದೀರಾ?” ಮೊದಲ ಪ್ರಶ್ನೆ ಕೇಳಿ ನನಗೆ ಬೇಜಾರಾಗಿರಲಿಲ್ಲ. ಎರಡನೆಯದು ಕೇಳಿ ಮಗ ಮನೆ ಬದಲಾಯಿಸುವ ಮಾತೆತ್ತಿದ.

ನಮ್ಮ ಪಕ್ಕದ ಬಸವನಗುಡಿಯ ಹುಟ್ಟಿಗೂ ಈ ಮನೆ ಬದಲಾಯಿಸುವ ಮಾತಿಗೂ ಒಂದು ಸಂಬಂಧವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿದರು. ಗೆರೆ ಎಳೆದಂಥ ರಸ್ತೆ, ಗಾಳಿ, ಮನೆಗಳ ಹಿಂದೆ ಒಂದು ಓಣಿ. ಅಂದರೆ ಇಲಿಯ ಕಾಟದಿಂದ ಹುಟ್ಟಿದ ಬಡಾವಣೆಗಳು. ಸರಿಸುಮಾರು ನೂರು ವರ್ಷದ ಮೇಲೆ ಇನ್ನೊಂದು ಇಲಿ ಬಂತು. ಬಾಲವಿದ್ದದ್ದು, ಮೇಜಿನ ಮೇಲೆ ಓಡಾಡುವಂಥದ್ದು, ಬೆರಳಲ್ಲಿ ಒತ್ತಿದರೆ ಕ್ಲಿಕ್ ಎನ್ನುವುದು. ಅದರಿಂದಲೂ ಬಡಾವಣೆಗಳು ಹುಟ್ಟಿದವು. ಮೊದಲ ಇಲಿಗೆ ಹೆದರಿದವರು ಮನುಷ್ಯ ನಡೆಯುತ್ತಾನೆ ಎಂಬುದನ್ನು ನೆನಪಿಟ್ಟುಕೊಂಡಿದ್ದರು. ಎರಡನೆಯದರ ಹಿಂದೆ ಓಡಿದವರಿಗೆ ಅದು ಮರೆತುಹೋಯಿತು.

“ಅಪ್ಪಾ, ಆಫೀಸು ಐದು ನಿಮಿಷ” ಎಂದ ಮಗ. ಹೊರಟೆವು ವರ್ತೂರಿನ ಕಡೆಗೆ. ಹದಿನಾಲ್ಕನೇ ಮಹಡಿ. ಈಜುಕೊಳ, ಜಿಮ್ಮು, ಬಯಲು ರಂಗಮಂದಿರ, ಎಲ್ಲ ಇದೆ. ಬ್ರೋಕರು ಬಾಲ್ಕನಿಯ ಬಾಗಿಲು ತೆಗೆದು “ಲೇಕ್ ವ್ಯೂ ಸಾರ್” ಎಂದಾಗ ನನಗೆ 2015ರಲ್ಲಿ ಅದೇ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದದ್ದನ್ನು ಟಿವಿಯಲ್ಲಿ ನೋಡಿದ್ದು ನೆನಪಾಯಿತು. ನೆರೆಯ ಬೆಳ್ಳಂದೂರು ಕೆರೆಗಂತೂ 2017ರ ಫೆಬ್ರವರಿಯಲ್ಲಿ ಬೆಂಕಿಯೇ ಬಿದ್ದಿತ್ತು. ನೀರು ಹೊತ್ತಿಕೊಂಡರೆ ಏನು ಹಾಕಿ ಆರಿಸುತ್ತಾರೆ ಎಂದು ಕೇಳೋಣವೆನಿಸಿತು; ಅವನು ಆಗಲೇ ಅಡ್ವಾನ್ಸಿನ ಮಾತಿಗೆ ಬಂದಿದ್ದ. ಕೆರೆಯ ನೋಟಕ್ಕೆ ಬಾಡಿಗೆಯಲ್ಲಿ ನಾಲ್ಕು ಸಾವಿರ ಹೆಚ್ಚು. ಸೊಳ್ಳೆಗೆ ಹೆದರಿ ಸಂಜೆ ಐದಕ್ಕೇ ಬಾಗಿಲು ಹಾಕುತ್ತೇವೆ, ಆದರೂ ಆ ನಾಲ್ಕು ಸಾವಿರ ತಪ್ಪದೆ ಕಟ್ಟುತ್ತೇವೆ. ಆರು ತಿಂಗಳಿಗೆ ಮಗ ಕೆಲಸ ಬದಲಾಯಿಸಿದ. ಹೊಸ ಆಫೀಸು ಹೆಬ್ಬಾಳದ ಆಚೆ.

ಬಂದ ಮೂರನೇ ದಿನ ಬೆಳಗ್ಗೆ. “ರೀ, ಒಗ್ಗರಣೆಗೆ ಎಣ್ಣೆ ಇಟ್ಟಿದೀನಿ, ಎರಡೆಸಳು ಕರಿಬೇವು ತನ್ನಿ” ಎಂದಳು ಹೆಂಡತಿ. ಹನುಮಂತನಗರದಲ್ಲಾದರೆ ಸಾಸಿವೆ ಸಿಡಿಯುವುದರೊಳಗೆ ತಂದಿರುತ್ತಿದ್ದೆ. ಅಲ್ಲಿ ಕರಿಬೇವಿಗೆ ಬೆಲೆಯೂ ಇರಲಿಲ್ಲ. ತರಕಾರಿಯವಳು ಕಾಲು ಕೆಜಿ ಹುರುಳೀಕಾಯಿ ತೂಗಿ, ಮೇಲೊಂದು ಹಿಡಿ ಕರಿಬೇವು ತುರುಕಿ, “ತಗೊಳಣ್ಣ” ಎನ್ನುತ್ತಿದ್ದಳು. ಇಲ್ಲಿ ಲಿಫ್ಟು ಇಳಿದು, ಗೇಟು ದಾಟಿ ನಿಂತರೆ ಕಾಣುವುದು ರಸ್ತೆ, ಅದರಾಚೆ ಇನ್ನೊಂದು ಗೇಟು, ಇನ್ನೊಂದು ಈಜುಕೊಳ. ಮಗ ಫೋನಿನಲ್ಲಿ ಹುಡುಕಿದ. ಕರಿಬೇವು ಇತ್ತು, ಪ್ಲಾಸ್ಟಿಕ್ಕಿನಲ್ಲಿ, ಹದಿನೆಂಟು ರೂಪಾಯಿ. ತಂದುಕೊಡುವ ಚಾರ್ಜು ಅದಕ್ಕಿಂತ ಹೆಚ್ಚು. ಆ ಚಾರ್ಜು ಉಳಿಸಲು ಬಿಸ್ಕತ್ತು, ಎರಡು ಬ್ರಶ್ಶು, ಯಾರಿಗೂ ಬೇಡದ ಒಂದು ಡಬ್ಬಿ ಉಪ್ಪಿನಕಾಯಿ ಸೇರಿಸಿದೆವು. ಹುಡುಗ ಹತ್ತೇ ನಿಮಿಷಕ್ಕೆ ಬಾಗಿಲಲ್ಲಿ ನಿಂತ, ಏದುಸಿರು ಬಿಡುತ್ತಾ, ಹೆಲ್ಮೆಟ್ಟು ತೆಗೆಯದೆ. ನಾನು ನಡೆಯಬೇಕಿದ್ದದ್ದನ್ನು ಆ ಮಗು ಓಡಿಕೊಂಡು ಮಾಡುತ್ತಿದೆ ಎನಿಸಿ ನೀರು ಕುಡೀತೀಯೇನಪ್ಪ ಎಂದೆ. ಟೈಮಿಲ್ಲ ಅಂಕಲ್ ಎಂದು ಹೋದ. ಎಣ್ಣೆ ಹೊಗೆಯಾಡಿ ಸೀದುಹೋಗಿತ್ತು.

ಮರುದಿನ ಹಟಕ್ಕೆ ಬಿದ್ದು ನಾನೇ ನಡೆದು ಹೊರಟೆ. ಎಲ್ಲೋ ಒಂದು ಕಿಲೋಮೀಟರಿನಾಚೆ ಹಳೆ ವರ್ತೂರಿನ ಅಂಗಡಿಸಾಲು ಇರಲೇಬೇಕಲ್ಲ. ಫುಟ್‌ಪಾತು ಇಪ್ಪತ್ತು ಹೆಜ್ಜೆಯವರೆಗೆ ಇತ್ತು. ಆಮೇಲೆ ಟ್ರಾನ್ಸ್‌ಫಾರ್ಮರು. ಅದನ್ನು ಬಳಸಿ ರಸ್ತೆಗಿಳಿದರೆ ಬಸ್ಸು ಕಿವಿಯಲ್ಲೇ ಹಾರನ್ನು ಹೊಡೆಯಿತು. ಹೆದರಿ ಮತ್ತೆ ಹತ್ತಿದರೆ ಎದುರಿಗೆ ಬೈಕು. ಫುಟ್‌ಪಾತಿನ ಮೇಲೆ! ಅವನೇ ನನ್ನನ್ನು ಗುರಾಯಿಸಿ ನೋಡಿದ. ಅವನಿಗೆ ಜಾಗ ಬಿಡಲು ಒತ್ತಟ್ಟಿಗೆ ಸರಿದೆ. ಎರಡು ಚಪ್ಪಡಿಗಳ ಸಂದಿಗೆ ಎಡಗಾಲು ಹೋಯಿತು, ಕಾಲು ಬಂತು, ಚಪ್ಪಲಿ ಬರಲಿಲ್ಲ. ಎಳೆದೆ. ಬಾರು ಕಿತ್ತುಬಂತು.

ಒಂದು ಕಾಲಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಚಪ್ಪಲಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ಗೇಟಿನ ಹುಡುಗ ಹೊಸಬ, ಅಸ್ಸಾಮಿನವನು. ಕನ್ನಡದಲ್ಲಿ ಎರಡು ವಾಕ್ಯ ಕಲಿತಿದ್ದ. “ಎಲ್ಲಿಗೆ ಹೋಗ್ಬೇಕು?” ಎಂದ. ಇಪ್ಪತ್ತೆರಡು ವರ್ಷ ಕೇಳಿದ ಅದೇ ಪ್ರಶ್ನೆ. ಇವನು ಮಾತ್ರ ಉತ್ತರಕ್ಕೆ ಕಾದ. “ಮನೆಗೆ” ಎಂದೆ. ಎರಡನೇ ವಾಕ್ಯ ಹೇಳಿದ: “ಎಂಟ್ರಿ ಮಾಡಿ.” ರಿಜಿಸ್ಟರಿನಲ್ಲಿ ಹೆಸರು, ಫ್ಲಾಟ್ ನಂಬರು ಬರೆದು, ಬಂದ ಉದ್ದೇಶದ ಜಾಗದಲ್ಲಿ ಏನು ಬರೆಯಬೇಕೆಂದು ತೋಚದೆ ‘ವಾಸ’ ಎಂದು ಬರೆದೆ.

ಬಾರು ಹಾಕಿಸಲು ಆ ಸುತ್ತಿನಲ್ಲಿ ಯಾರನ್ನು ಕೇಳಿದರೂ “ಹೊಸದು ಆರ್ಡರ್ ಮಾಡಿ” ಎಂದರು. ಶನಿವಾರ ಪ್ಯಾಂಟು ಬೂಟು ಹಾಕಿ, ಕಿತ್ತ ಚಪ್ಪಲಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಆಟೋ ಹಿಡಿದು ಮೆಟ್ರೋಗೆ ಹೋದೆ. ಸ್ಕ್ಯಾನರಿನ ಮುಂದೆ ಕೂತಿದ್ದಾಕೆ ಚೀಲ ನಿಲ್ಲಿಸಿದಳು.

“ಏನ್ ಸಾರ್ ಇದು?”

“ಚಪ್ಪಲಿ.”

“ಇನ್ನೊಂದು ಎಲ್ಲಿ?”

“ಮನೇಲಿದೆ. ಚೆನ್ನಾಗಿದೆ.”

ಅವಳು ಪಕ್ಕದವನ ಮುಖ ನೋಡಿದಳು. ಒಂಟಿ ಚಪ್ಪಲಿ ಒಯ್ಯಬಾರದೆಂಬ ನಿಯಮ ಇರಲಿಲ್ಲವಾದ್ದರಿಂದ ಬಿಟ್ಟರು. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು, ಗಾಂಧಿಬಜಾರು ದಾಟಿ ಹನುಮಂತನಗರಕ್ಕೆ ನಡೆದೆ. ಬಿಸಿಲಿತ್ತು, ಆದರೆ ದಾರಿಯುದ್ದಕ್ಕೂ ನೆರಳೂ ಇತ್ತು. 1980ರ ದಶಕದಲ್ಲಿ ನೇಗಿನಹಾಳ ಎಂಬ ಅರಣ್ಯಾಧಿಕಾರಿ ಈ ಊರಲ್ಲಿ ಹದಿನೈದು ಲಕ್ಷ ಗಿಡ ನೆಡಿಸಿದರು. ನಮ್ಮ ಬೀದಿ ತುದಿಯ ಹೊಂಗೆ ಅವುಗಳಲ್ಲೊಂದು ಎಂದು ನನ್ನ ನಂಬಿಕೆ, ಪುರಾವೆ ಕೇಳಬೇಡಿ. ಅದರ ಬುಡದಲ್ಲಿ, ಹರಿದ ಕೊಡೆಯ ಕೆಳಗೆ, ಚಪ್ಪಲಿ ಹೊಲಿಯುವವನು ಎಂದಿನಂತೆ ಕೂತಿದ್ದ.

“ಏನ್ ಸ್ವಾಮಿ, ಊರು ಬಿಟ್ಟು ಹೋಗಿದ್ರಾ?”

“ವರ್ತೂರಿಗೆ.”

“ಅದೂ ಬೆಂಗಳೂರೇ ಅಲ್ವಾ?”

“ಪಿನ್‌ಕೋಡು ಹಾಗಂತ ಹೇಳುತ್ತೆ” ಎಂದೆ. ಅವನು ನಗುತ್ತಾ ಹಳೆ ಟಿನ್ನಿನಲ್ಲಿ ಕೈಯಾಡಿಸಿ ನೀಲಿ ಬಾರು ಹುಡುಕಿ ತೆಗೆದ, ಸೋಪು ಸವರಿ ತೂತಿಗೆ ತೂರಿಸಿ, ಇಕ್ಕಳದಲ್ಲಿ ಎಳೆದ. ಇಪ್ಪತ್ತು ರೂಪಾಯಿ. ಅಷ್ಟರಲ್ಲಿ ಮೂರು ಜನ ಎಲ್ಲಿಗೆ ಹೊರಟ್ರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ದರ್ಶಿನಿಯಲ್ಲಿ ನನ್ನ ಉಳಿದರ್ಧ ಕಾಫಿಯ ಗೆಳೆಯರು ಸಿಕ್ಕರು. ಅಳಿಯನ ಸಕ್ಕರೆ ಹತೋಟಿಗೆ ಬಂದಿದೆಯಂತೆ.

ಬರುತ್ತಾ ಕಾಲು ಕೆಜಿ ಹುರುಳೀಕಾಯಿ ತಂದೆ. ರಾತ್ರಿ ಮಗ ಲೆಕ್ಕ ಹಾಕಿ ತೋರಿಸಿದ: ಬಾರಿಗೆ ಇಪ್ಪತ್ತು, ಆಟೋ, ಮೆಟ್ರೋ ಸೇರಿ ಮುನ್ನೂರೈವತ್ತರ ಮೇಲೆ, ಹೊಸ ಜೊತೆಯೇ ಇನ್ನೂರಕ್ಕೆ ಮನೆ ಬಾಗಿಲಿಗೆ ಬರುತ್ತಿತ್ತು. ಕರಿಬೇವಿಗೆಷ್ಟು ಕೊಟ್ಟೆ ಎಂದು ಕೇಳಿದ. ಅದಕ್ಕೆ ದುಡ್ಡು ತಗೊಂಡಿರಲಿಲ್ಲ.