ಹಕ್ಕಿಗೆ ಬಹುವಚನ

ಹಕ್ಕಿಗಳ ಫೋಟೋ ತೆಗೆಯುವವರಲ್ಲಿ ಸಂಯಮಿಗಳೆಂಬ ಒಂದು ಪಂಗಡವಿದೆ. ಬೆಂಗಳೂರು, ಮೈಸೂರುಗಳಲ್ಲಿ ಇವರು ಹೇರಳ. ಬಹುಪಾಲು ಬ್ಯಾಂಕಿನಿಂದ ನಿವೃತ್ತರಾದವರು, ಇಲ್ಲವೇ ಸಾಫ್ಟ್‌ವೇರಿನಲ್ಲಿದ್ದು ನಿವೃತ್ತಿಯ ಕನಸು ಕಾಣುತ್ತಿರುವವರು. 600 ಎಂ.ಎಂ. ಲೆನ್ಸು, ಅದಕ್ಕೆ ತೊಡಿಸಲು ಎಲೆಬಣ್ಣದ ಅಂಗಿ, ಅದನ್ನು ಹೊರಲು ಟ್ರೈಪಾಡು, ಇಷ್ಟನ್ನೂ ಹೊತ್ತವರ ಸೊಂಟಕ್ಕೆ ಮುಲಾಮು, ಇವು ಸಾಮಗ್ರಿ. ಲೆನ್ಸಿನ ನಿಜವಾದ ಬೆಲೆ ಅಂಗಡಿಯವನ ಬಾಯಿಂದ ಮನೆಗೆ ತಲುಪಿರುವುದಿಲ್ಲ.

ಇವರ ಸಂಯಮವೆಲ್ಲ ಹಕ್ಕಿಗೇ ಮೀಸಲು. ಸಿಗ್ನಲ್ಲಿನಲ್ಲಿ ಹಸಿರು ಬೀಳುವ ಮುಂಚೆಯೇ ಹಾರನ್ ಒತ್ತುವವರು ನವರಂಗಕ್ಕಾಗಿ ಅರ್ಧ ದಿನ ನೆಲಕ್ಕಂಟಿ ಕೂರುತ್ತಾರೆ. ನವರಂಗ ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಹಕ್ಕಿ. ಪೊದೆಯಡಿಯ ತರಗೆಲೆ ಕೆದಕಿ ಹುಳು ಹೆಕ್ಕುತ್ತದೆ, ಬೆಳಗು ಬೈಗುಗಳಲ್ಲಿ ಕೂಗುತ್ತದೆ. ಉಳಿದ ಹೊತ್ತು ಕಾಣಿಸಿಕೊಳ್ಳುವುದು ಬಿಡುವುದು ಅದರ ಮರ್ಜಿ. ಅಲ್ಲಿಯವರೆಗೆ ಸೊಳ್ಳೆ ಕಚ್ಚಿದರೆ ಸಂಯಮಿಗಳು ಹೊಡೆಯುವುದಿಲ್ಲ, ಮೆಲ್ಲಗೆ ಊದುತ್ತಾರೆ. ಹಕ್ಕಿ ಕಂಡಾಗ ಪಿಸುದನಿಯಲ್ಲಿ “ಬಂದರು, ಬಂದರು” ಎನ್ನುತ್ತಾರೆ. ಮನೆಯಲ್ಲಿ ಭಾವಮೈದನಿಗೆ ಮದುವೆಯಾದಾಗಿನಿಂದಲೂ ಏಕವಚನವೇ.

ರಂಗನತಿಟ್ಟಿನ ದೋಣಿ ಹತ್ತಿದರೆ ಸಂಯಮಕ್ಕೆ ವಿದ್ವತ್ತೂ ಸೇರುತ್ತದೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಈ ನಡುಗಡ್ಡೆಗಳು ಪಕ್ಷಿಧಾಮವಾದ ಕಥೆಯನ್ನು, ಅಲ್ಲೇ ಹುಟ್ಟು ಹಾಕುತ್ತ ತಲೆ ನರೆತ ಅಂಬಿಗನಿಗೆ ಹೇಳಿಕೊಡುತ್ತಾರೆ. ಅಂಬಿಗ “ಹೌದಾ ಸಾ” ಎಂದು ಕೇಳಿಸಿಕೊಂಡು, ಅವರ ಬೆನ್ನ ಹಿಂದೆ ಆಗಲೇ ಮೀನು ಹಿಡಿದು ನುಂಗಿ ಮುಗಿಸಿರುವ ಮಿಂಚುಳ್ಳಿಯ ಕಡೆ ಬೆರಳು ತೋರಿಸುತ್ತಾನೆ.

ನಿಯಮಗಳ ವಿಷಯದಲ್ಲಿ ಮಾತ್ರ ಇವರನ್ನು ನೋಡಿ ನಗುವಂತಿಲ್ಲ. ಗೂಡಿನ ಬಳಿ ಸುಳಿಯುವುದಿಲ್ಲ. ತಾಯಿಹಕ್ಕಿ ಬೆದರಿ ಎದ್ದರೆ ಮೊಟ್ಟೆ ಕಾಗೆಯ ಪಾಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಾಡುಹಕ್ಕಿಯ ಗೂಡು ಕದಡುವುದನ್ನು ಬೇಟೆಯ ಲೆಕ್ಕಕ್ಕೇ ಹಿಡಿಯುತ್ತದೆ. ಅಡ್ಡಬಂದ ರೆಂಬೆಯನ್ನು ಮುರಿಯುವುದಿಲ್ಲ, ತಾವೇ ಸರಿಯುತ್ತಾರೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರನ್ನು ಕಂಡರಾಗದು. ತನ್ನ ಗಡಿಯೊಳಗೆ ಎದುರಾಳಿ ನುಗ್ಗಿದನೆಂದು ಹಕ್ಕಿ ಮೇವು ಬಿಟ್ಟು ಜಗಳಕ್ಕೆ ಬರುತ್ತದೆ, ಮರಿಗಳಿಗೆ ಉಪವಾಸ. ಹಾಗೆ ಕೂಗು ಹಾಕಿದ ಹುಡುಗನಿಗೆ ಸಂಯಮಿಗಳು ಇದನ್ನು ಎಷ್ಟು ವಿವರವಾಗಿ, ಎಷ್ಟು ಗಟ್ಟಿಯಾಗಿ ತಿಳಿಹೇಳುತ್ತಾರೆಂದರೆ, ಮೊಬೈಲಿಗೆ ಜಗ್ಗದೆ ಕೂತಿದ್ದ ಹಕ್ಕಿಯೂ ಹಾರಿಹೋಗುತ್ತದೆ.

ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾಗಳು ಬಂದ ಮೇಲೆ ಕಷ್ಟ ನೆಂಟರಿಗೆ ವರ್ಗಾವಣೆಯಾಗಿದೆ. ಕಾಫಿಗೆಂದು ಬಂದವರು ಒಂದೇ ಕಳ್ಳಿಪೀರ ಒಂದೇ ಮುಳ್ಳಿನ ಮೇಲೆ ಕೂತ ನೂರಾರು ಪಟ ನೋಡಬೇಕು. ಎಪ್ಪತ್ತನೆಯದರಲ್ಲಿ ಕಣ್ಣಿಗೆ ಬೆಳಕು ಬಿದ್ದಿದೆ, ಎಪ್ಪತ್ತೊಂದರಲ್ಲಿ ಬಿದ್ದಿಲ್ಲ. ವ್ಯತ್ಯಾಸ ಗೊತ್ತಾಯಿತೇ ಎಂದು ಕೇಳಿದರೆ ಗೊತ್ತಾಯಿತು ಎನ್ನುವುದು ಕ್ಷೇಮ. ಇಲ್ಲವೆಂದರೆ ಮತ್ತೆ ಮೊದಲಿನಿಂದ.

ಇಷ್ಟು ದೊಡ್ಡ ಕ್ಯಾಮೆರಾ ಇದೆಯೆಂದು ಬಂಧುಗಳು ಮದುವೆಗೆ ಕರೆಯುವುದುಂಟು. 600 ಎಂ.ಎಂ. ಲೆನ್ಸು ಹತ್ತು ಮೀಟರ್ ದೂರದಿಂದ ಹಿಡಿಯುವುದು ಸುಮಾರು 60 ಸೆಂಟಿಮೀಟರ್ ಅಗಲ ಮಾತ್ರ, ಅಂದರೆ ವಧುವಿನ ಮುಖ ಮತ್ತು ವರನ ಒಂದು ಕಿವಿ. ಎರಡೂ ಕಡೆಯ ಬೀಗರು ಒಟ್ಟಾಗಿ ಬರಬೇಕೆಂದರೆ ಸಂಯಮಿಗಳು ಛತ್ರ ದಾಟಿ, ರಸ್ತೆಯಾಚೆ ಹೋಗಿ ನಿಲ್ಲಬೇಕು. ಹಾಗೆ ನಿಂತವರು ಅಲ್ಲಿನ ತಂತಿಯ ಮೇಲೆ ನೀಲಕಂಠವೊಂದನ್ನು ಕಂಡು, ಮುಹೂರ್ತ ಮುಗಿದು ಎಲೆ ಎತ್ತಿದ ಮೇಲೆ ಊಟಕ್ಕೆ ಬಂದಿರುವುದೂ ಉಂಟು.